ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲದಿದ್ದರೆ: ಮನೆಯಲ್ಲೇ ಎಂಜಿನ್ ಗ್ಯಾಸ್ಕೆಟ್ ಬದಲಿಸುವ ಸರಿಯಾದ ಕ್ರಮ

ಗ್ಯಾಸ್ಕೆಟ್ ಬದಲಿಸಿ ಒಂದೆರಡು ವಾರ ಕಳೆಯುವಷ್ಟರಲ್ಲಿ ಅದೇ ಜಾಗದಿಂದ ಮತ್ತೆ ಆಯಿಲ್ ಜಿನುಗುತ್ತಿದೆ ಎಂದು ಹೇಳುವವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರು ಗ್ಯಾಸ್ಕೆಟ್ ಕಳಪೆಯಾಗಿತ್ತು ಎಂದು ತೀರ್ಮಾನಿಸುತ್ತಾರೆ, ಇಲ್ಲವೇ ಎರಡನೆಯ ಸಲ ಎರಡು ಪಟ್ಟು ಸೀಲೆಂಟ್ ಬಳಿದು ಬೋಲ್ಟುಗಳನ್ನು ಇನ್ನಷ್ಟು ಬಿಗಿಯುತ್ತಾರೆ. ಆದರೆ ಗ್ಯಾಸ್ಕೆಟ್ ಅಂಟಿನಂತೆ ಕೆಲಸ ಮಾಡುವ ವಸ್ತುವಲ್ಲ. ಶುಚಿಯಾದ, ಒಣಗಿದ, ಸಮತಟ್ಟಾದ ಎರಡು ಲೋಹದ ಮೈಗಳ ನಡುವೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಒತ್ತಿ ಹಿಡಿದಾಗ ಮಾತ್ರ ಅದು ಆಯಿಲನ್ನಾಗಲೀ ಕೂಲಂಟನ್ನಾಗಲೀ ತಡೆಯಬಲ್ಲದು. ಆದ್ದರಿಂದ ಈ ಕೆಲಸದಲ್ಲಿ ಗ್ಯಾಸ್ಕೆಟ್ ಕೂರಿಸುವುದಕ್ಕೆ ಹಿಡಿಯುವುದು ಐದು ನಿಮಿಷವಾದರೆ, ಮೈಗಳನ್ನು ಸಿದ್ಧಪಡಿಸುವುದಕ್ಕೂ ಕ್ರಮಬದ್ಧವಾಗಿ ಬಿಗಿಯುವುದಕ್ಕೂ ಗಂಟೆಗಳೇ ಬೇಕಾಗುತ್ತವೆ.

ಇಲ್ಲಿ ನಾಲ್ಕು ಸಿಲಿಂಡರಿನ, ಕೂಲಂಟಿನಿಂದ ತಣಿಯುವ ಪೆಟ್ರೋಲ್ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ಕೆಲಸಗಳನ್ನು ವಿವರಿಸಲಾಗಿದೆ. ಮೊದಲನೆಯದು ಟ್ಯಾಪೆಟ್ ಕವರ್, ಅಂದರೆ ಎಂಜಿನ್ನಿನ ಮೇಲ್ತುದಿಯ ಮುಚ್ಚಳದ ಗ್ಯಾಸ್ಕೆಟ್. ಮೊದಲ ಬಾರಿ ಸ್ಪ್ಯಾನರ್ ಹಿಡಿಯುವವರೂ ತಾಳ್ಮೆಯಿದ್ದರೆ ಇದನ್ನು ಮಾಡಬಹುದು. ಎರಡನೆಯದು ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನದು. ಇದನ್ನು ಮೊದಲನೆಯ ಕೆಲಸವನ್ನು ಯಶಸ್ವಿಯಾಗಿ ಮುಗಿಸಿದವರು ಮಾತ್ರ ಕೈಗೆತ್ತಿಕೊಳ್ಳಬೇಕು.

ಹಂತ 1: ಸೋರಿಕೆ ಎಲ್ಲಿಂದ ಎಂಬುದನ್ನು ಖಚಿತಪಡಿಸಿಕೊಳ್ಳಿ

ಆಯಿಲ್ ಕೆಳಕ್ಕೆ ಹರಿಯುತ್ತದೆ, ವಾಹನ ಓಡುವಾಗ ಗಾಳಿಯ ರಭಸಕ್ಕೆ ಹಿಂದಕ್ಕೂ ಹರಡುತ್ತದೆ. ಹೀಗಾಗಿ ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ಟ್ಯಾಪೆಟ್ ಕವರಿನ ಹಿಂಬದಿಯಿಂದ ಇಳಿದ ಆಯಿಲ್ ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುವುದನ್ನು ಕಂಡು ಕ್ರ್ಯಾಂಕ್‌ಶಾಫ್ಟಿನ ಆಯಿಲ್ ಸೀಲ್ ಹೋಗಿದೆ ಎಂದು ಭಾವಿಸಿ ಅನಗತ್ಯವಾಗಿ ಗೇರ್‌ಬಾಕ್ಸ್ ಇಳಿಸಿದವರಿದ್ದಾರೆ.

ಮೊದಲು ಎಂಜಿನ್ನಿನ ಹೊರಮೈಯನ್ನು ಡಿಗ್ರೀಸರ್ ಹಾಕಿ ಪೂರ್ತಿಯಾಗಿ ತೊಳೆದು ಒಣಗಿಸಿ. ವಿದ್ಯುತ್ ಕನೆಕ್ಟರುಗಳಿಗೂ ಗಾಳಿ ಸೇದುವ ಭಾಗಕ್ಕೂ ನೀರು ಹೋಗದಂತೆ ಪ್ಲಾಸ್ಟಿಕ್ ಹೊದಿಸಿ. ಅನಂತರ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಒದ್ದೆ ಕಾಣುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಸೋರಿಕೆಯ ಮೂಲ.

ಟ್ಯಾಪೆಟ್ ಕವರಿನಿಂದಲೇ ಸೋರುತ್ತಿದೆ ಎಂದು ತಿಳಿದ ಮೇಲೆ ಪಿಸಿವಿ ವಾಲ್ವನ್ನು ತಪ್ಪದೆ ಪರೀಕ್ಷಿಸಿ. ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುವ ಅನಿಲವನ್ನು ಹೊರಕ್ಕೆ ಸೆಳೆಯುವ ದಾರಿ ಇದು. ಇದು ಮಸಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಎಷ್ಟೇ ಒಳ್ಳೆಯ ಗ್ಯಾಸ್ಕೆಟ್ಟಿನ ಅಂಚಿನಿಂದಲೂ ಆಯಿಲನ್ನು ಹೊರಕ್ಕೆ ತಳ್ಳುತ್ತದೆ. ಎರಡನೆಯ ಬಾರಿಯೂ ಸೋರಿತು ಎನ್ನುವವರಲ್ಲಿ ಹೆಚ್ಚಿನವರು ಈ ವಾಲ್ವನ್ನು ಮುಟ್ಟಿಯೂ ನೋಡಿರುವುದಿಲ್ಲ.

ಹಂತ 2: ಸಲಕರಣೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ

ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿಲ್ಲದೆ ಕೆಲಸ ಆರಂಭಿಸಬೇಡಿ. ಬಿಗಿತದ ಪ್ರಮಾಣ, ಬೋಲ್ಟುಗಳ ಕ್ರಮ, ಟೈಮಿಂಗ್ ಗುರುತುಗಳು (ವಾಲ್ವುಗಳ ಮತ್ತು ಪಿಸ್ಟನ್ನುಗಳ ಚಲನೆಯನ್ನು ಹೊಂದಿಸುವ ಗೆರೆಗಳು) ಒಂದೊಂದು ಎಂಜಿನ್ನಿಗೂ ಬೇರೆ ಬೇರೆಯಾಗಿರುತ್ತವೆ. ಈ ಬರಹದಲ್ಲಿ ಕೊಟ್ಟಿರುವ ಅಂಕಿಗಳು ಅಂದಾಜಿಗೆ ಮಾತ್ರ. ಮ್ಯಾನ್ಯುಯಲ್ಲಿನ ಅಂಕಿಯೇ ಅಂತಿಮ.

ಸಾಕೆಟ್ ಸೆಟ್, ಎಕ್ಸ್‌ಟೆನ್ಷನ್, ಪ್ಲಾಸ್ಟಿಕ್ ಸ್ಕ್ರೇಪರ್, ನೂಲು ಬಿಡದ ಬಟ್ಟೆ, ಬ್ರೇಕ್ ಕ್ಲೀನರ್, ಹೊಸ ಗ್ಯಾಸ್ಕೆಟ್ ಸೆಟ್, ಎಂಜಿನ್ನಿಗೆ ಹೊಂದುವ ಸಿಲಿಕೋನ್ ಸೀಲೆಂಟ್, ಕೈಗವಸು ಮತ್ತು ಕನ್ನಡಕ ಎರಡೂ ಕೆಲಸಕ್ಕೆ ಬೇಕು. ಹೆಡ್ ಬಿಚ್ಚುವವರು ಇವುಗಳ ಜೊತೆಗೆ ನೇರ ಅಂಚಿನ ಉಕ್ಕಿನ ಪಟ್ಟಿ, ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಕೋನ ಅಳೆಯುವ ಗೇಜ್ ಮತ್ತು ಹೊಸ ಹೆಡ್ ಬೋಲ್ಟುಗಳನ್ನು ತಂದಿಟ್ಟುಕೊಳ್ಳಬೇಕು.

ಬಿಗಿತವನ್ನು ಅಳೆದು ಬಿಗಿಯುವ ಟಾರ್ಕ್ ರೆಂಚಿನ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ. ಟ್ಯಾಪೆಟ್ ಕವರಿನ ಬೋಲ್ಟುಗಳು ಸಾಮಾನ್ಯವಾಗಿ 7ರಿಂದ 12 ನ್ಯೂಟನ್ ಮೀಟರಿನಷ್ಟು ಸಣ್ಣ ಬಿಗಿತವನ್ನು ಬೇಡುತ್ತವೆ. ದೊಡ್ಡ ರೆಂಚು ತನ್ನ ಅಳತೆಯ ಕೆಳತುದಿಯಲ್ಲಿ ನಂಬಲರ್ಹವಲ್ಲ. ಅದರ ಕ್ಲಿಕ್ ಸದ್ದಿಗೆ ಕಾಯುತ್ತಾ ಬೋಲ್ಟ್ ಮುರಿದುಕೊಂಡವರು ಒಬ್ಬಿಬ್ಬರಲ್ಲ. 5ರಿಂದ 25 ನ್ಯೂಟನ್ ಮೀಟರಿನ ಸಣ್ಣ ರೆಂಚು ಒಂದು, ಹೆಡ್ ಬೋಲ್ಟುಗಳಿಗಾಗಿ ದೊಡ್ಡದು ಒಂದು, ಹೀಗೆ ಎರಡು ಇರಬೇಕು. ಹಳೆಯ ಮ್ಯಾನ್ಯುಯಲ್ಲುಗಳಲ್ಲಿ ಬಿಗಿತವನ್ನು ಕಿಲೋಗ್ರಾಂ ಮೀಟರಿನಲ್ಲಿ ಬರೆದಿರುತ್ತಾರೆ. 1 ಕಿಲೋಗ್ರಾಂ ಮೀಟರ್ ಎಂದರೆ ಸುಮಾರು 9.8 ನ್ಯೂಟನ್ ಮೀಟರ್. ಈ ಮಾನಗಳನ್ನು ಅದಲುಬದಲು ಮಾಡಿಕೊಂಡರೆ ಬಿಗಿತ ಹತ್ತು ಪಟ್ಟು ತಪ್ಪುತ್ತದೆ.

ಹಂತ 3: ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಿರಿ

ಬಿಸಿಯಿರುವಾಗ ಅಲ್ಯೂಮಿನಿಯಂ ಹೆಡ್ಡಿನ ಬೋಲ್ಟುಗಳನ್ನು ಸಡಿಲಿಸಿದರೆ ಹೆಡ್ ಬಾಗುವ ಸಂಭವವಿದೆ. ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ಆರಂಭಿಸುವುದು ಒಳ್ಳೆಯದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಕೆಳಗಿನಿಂದ ಕೆಲಸ ಮಾಡಬೇಕಾದರೆ ಜ್ಯಾಕಿನ ಮೇಲೆ ಮಾತ್ರ ನಿಂತಿರುವ ವಾಹನದಡಿ ಎಂದಿಗೂ ನುಸುಳಬೇಡಿ. ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡೆ ಇಟ್ಟು, ವಾಹನವನ್ನು ಅಲುಗಿಸಿ ನೋಡಿದ ಮೇಲೆಯೇ ಒಳಕ್ಕೆ ಹೋಗಿ.

ಹಂತ 4: ಟ್ಯಾಪೆಟ್ ಕವರ್ ಬಿಚ್ಚುವುದು

ಏನನ್ನೂ ಬಿಚ್ಚುವ ಮುನ್ನ ಫೋನಿನಲ್ಲಿ ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದುಕೊಳ್ಳಿ. ಇಗ್ನಿಷನ್ ಕಾಯಿಲುಗಳ ಕನೆಕ್ಟರುಗಳು ವರ್ಷಗಟ್ಟಲೆ ಬಿಸಿ ಉಂಡು ಗಾಜಿನಂತೆ ಪೆಡಸಾಗಿರುತ್ತವೆ. ತಂತಿ ಹಿಡಿದು ಎಳೆಯದೆ, ಲಾಕಿನ ನಾಲಿಗೆಯನ್ನು ಒತ್ತಿ ಬಿಡಿಸಿ. ಸ್ಪಾರ್ಕ್ ಪ್ಲಗ್ಗಿನ ಕುಳಿಯಲ್ಲಿ ಆಯಿಲ್ ನಿಂತಿದ್ದರೆ ಪ್ಲಗ್ ಬಿಚ್ಚುವ ಮುನ್ನವೇ ಅದನ್ನು ಬಟ್ಟೆಯಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಅಷ್ಟೂ ಸಿಲಿಂಡರಿನೊಳಕ್ಕೆ ಇಳಿಯುತ್ತದೆ. ಕುಳಿಯಲ್ಲಿ ಆಯಿಲ್ ಕಂಡಿತೆಂದರೆ ಕುಳಿಯ ಸುತ್ತಲಿನ ಸಣ್ಣ ಸೀಲುಗಳೂ ಗಟ್ಟಿಯಾಗಿವೆ ಎಂದೇ ಅರ್ಥ.

ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದನ್ನೂ ಅರ್ಧ ಸುತ್ತು ಮಾತ್ರ ಸಡಿಲಿಸುತ್ತಾ ಎರಡು ಮೂರು ಸುತ್ತಿನಲ್ಲಿ ತೆಗೆಯಿರಿ. ಉದ್ದ ಬೇರೆ ಬೇರೆ ಇರುವುದರಿಂದ, ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟುಗಳನ್ನು ಸಿಕ್ಕಿಸಿಡಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಒಂದು ಮೀಟುವಿಕೆಯಿಂದ ಅಲ್ಯೂಮಿನಿಯಂ ಅಂಚಿನಲ್ಲಿ ಏಳುವ ಗೀರು ಮುಂದೆ ಶಾಶ್ವತವಾದ ಸೋರುದಾರಿಯಾಗುತ್ತದೆ. ರಬ್ಬರ್ ಸುತ್ತಿಗೆಯಿಂದ ಪಕ್ಕಗಳಿಗೆ ಮೆಲ್ಲಗೆ ಬಡಿದರೆ ಹಿಡಿತ ಬಿಡುತ್ತದೆ. ಕವರ್ ಎತ್ತಿದ ಕೂಡಲೇ ತೆರೆದ ಭಾಗದ ಮೇಲೆ ಶುಭ್ರವಾದ ಬಟ್ಟೆ ಹೊದಿಸಿ; ಒಂದು ಸಣ್ಣ ವಾಶರ್ ಒಳಗೆ ಬಿದ್ದರೂ ಟೈಮಿಂಗ್ ಚೈನಿನ ಕವರಿನವರೆಗೂ ಇಳಿದುಹೋಗಬಹುದು.

ಹಂತ 5: ಮೈಗಳನ್ನು ಶುಚಿಗೊಳಿಸುವುದು

ಇಡೀ ಕೆಲಸ ಗೆಲ್ಲುವುದೂ ಸೋಲುವುದೂ ಈ ಹಂತದಲ್ಲಿ. ಹಳೆಯ ರಬ್ಬರ್ ಗ್ಯಾಸ್ಕೆಟ್ ಕವರಿನ ತೋಡಿನಿಂದ ಸುಲಭವಾಗಿ ಎದ್ದುಬರುತ್ತದೆ, ಆದರೆ ಮೂಲೆಗಳಲ್ಲಿ ಹಾಕಿದ್ದ ಸೀಲೆಂಟ್ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಅದರ ಮೇಲೆಯೇ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಆ ಉಬ್ಬಿನ ಎರಡೂ ಬದಿ ಸೂಕ್ಷ್ಮವಾದ ಸಂದು ಉಳಿಯುತ್ತದೆ, ಬೋಲ್ಟನ್ನು ಎಷ್ಟು ಬಿಗಿದರೂ ಅದು ಮುಚ್ಚುವುದಿಲ್ಲ.

ಪ್ಲಾಸ್ಟಿಕ್ ಸ್ಕ್ರೇಪರನ್ನು ಓರೆಯಾಗಿ ಹಿಡಿದು ಮೆಲ್ಲಗೆ ಹೆರೆಯಿರಿ. ಜಗ್ಗದ ಕಡೆ ಗ್ಯಾಸ್ಕೆಟ್ ರಿಮೂವರ್ ಹಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ಹೆರೆಯಿರಿ. ಉಕ್ಕಿನ ಬ್ಲೇಡು ಎರಕದ ಕಬ್ಬಿಣದ ಮೇಲೆ ಎಚ್ಚರದಿಂದ ಬಳಸಿದರೆ ನಡೆಯುತ್ತದೆ, ಅಲ್ಯೂಮಿನಿಯಂ ಮೇಲೆ ನಡೆಯುವುದಿಲ್ಲ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುವ ಡಿಸ್ಕುಗಳನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ. ಕೆಲಸ ಬೇಗ ಮುಗಿದಂತೆ ಕಾಣುತ್ತದೆ ನಿಜ. ಆದರೆ ಅವುಗಳಿಂದ ಉದುರುವ ಗಟ್ಟಿ ಪುಡಿ ಆಯಿಲಿನೊಡನೆ ಬೇರಿಂಗುಗಳಿಗೆ ಹರಿದು ಅವನ್ನು ಸವೆಸುತ್ತದೆ, ಜೊತೆಗೆ ಲೋಹದ ಮೈಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳನ್ನೂ ಮಾಡುತ್ತದೆ.

ಹೆರೆದಾದ ಮೇಲೆ ಬ್ರೇಕ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿಕೊಂಡು ಎರಡೂ ಮೈಗಳನ್ನು ಒರೆಸಿ. ಹೊಸ ಬಿಳಿ ಬಟ್ಟೆಯಿಂದ ಒರೆಸಿದಾಗ ಕಲೆ ಹತ್ತಬಾರದು, ಅಲ್ಲಿಯವರೆಗೂ ಒರೆಸುತ್ತಿರಬೇಕು. ಈ ದ್ರವ ಬೇಗ ಬೆಂಕಿ ಹತ್ತುವಂಥದ್ದು, ಆದ್ದರಿಂದ ಗಾಳಿಯಾಡುವ ಜಾಗದಲ್ಲಿ, ಬೆಂಕಿ ಮತ್ತು ಕಿಡಿಗಳಿಂದ ದೂರವಿದ್ದು ಬಳಸಿ. ಕೊನೆಗೆ ಬೆರಳ ತುದಿಯನ್ನು ಇಡೀ ಅಂಚಿನ ಮೇಲೆ ಆಡಿಸಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಿಳಿಯುತ್ತದೆ.

ಹಂತ 6: ಸೀಲೆಂಟ್ ಎಷ್ಟು, ಎಲ್ಲಿ

ರಬ್ಬರ್ ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಬೇಕು. ಇಡೀ ಗ್ಯಾಸ್ಕೆಟ್ಟಿಗೆ ಸೀಲೆಂಟ್ ಬಳಿದರೆ ಅದು ಜಾರುವ ಪದರವಾಗಿ, ಬಿಗಿಯುವಾಗ ಗ್ಯಾಸ್ಕೆಟ್ ತನ್ನ ಜಾಗದಿಂದ ಹೊರಕ್ಕೆ ಸರಿಯುತ್ತದೆ. ಸೀಲೆಂಟ್ ಬೇಕಾಗುವುದು ಮ್ಯಾನ್ಯುಯಲ್ ತೋರಿಸಿದ ಕಡೆ ಮಾತ್ರ: ಸಾಮಾನ್ಯವಾಗಿ ಟೈಮಿಂಗ್ ಕವರ್ ಹೆಡ್ಡಿಗೆ ಸೇರುವ ಗೆರೆಯ ಮೇಲೆ, ಕ್ಯಾಮ್‌ಶಾಫ್ಟಿನ ಅರ್ಧಚಂದ್ರಾಕಾರದ ತುದಿಗಳು ಚಪ್ಪಟೆ ಅಂಚಿಗೆ ಕೂಡುವ ಮೂಲೆಗಳಲ್ಲಿ. ಅಲ್ಲಿ ಹೆಸರುಕಾಳಿನ ಗಾತ್ರದ ಬೊಟ್ಟು ಸಾಕು.

ಹೆಚ್ಚಾದ ಸೀಲೆಂಟ್ ಹೊರಕ್ಕೆ ಉಕ್ಕಿದಷ್ಟೇ ಒಳಕ್ಕೂ ಉಕ್ಕುತ್ತದೆ. ಒಳಗೆ ಉಕ್ಕಿದ್ದು ಗಟ್ಟಿಯಾಗಿ, ಒಂದು ದಿನ ಕಳಚಿ, ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಆಯಿಲ್ ಚೇಂಬರಿಗೆ ಇಳಿದು, ಆಯಿಲ್ ಪಂಪಿನ ಜಾಲರಿಗೆ ಅಡ್ಡ ನಿಲ್ಲುತ್ತದೆ. ಸಣ್ಣ ಸೋರಿಕೆಯನ್ನು ತಡೆಯಲು ಹೋಗಿ ಆಯಿಲ್ ಒತ್ತಡ ಕಳೆದುಕೊಂಡು ಎಂಜಿನ್ನೇ ಹಾಳಾಗುವುದು ಈ ದಾರಿಯಿಂದ. ಆಯಿಲ್ ಚೇಂಬರನ್ನು ಬರೀ ಸೀಲೆಂಟಿನಿಂದ ಕೂರಿಸುವ ಎಂಜಿನ್ನುಗಳಲ್ಲಂತೂ ಮ್ಯಾನ್ಯುಯಲ್ ಹೇಳಿದ ದಪ್ಪದ ಒಂದೇ ಗೆರೆಯನ್ನು, ಬೋಲ್ಟಿನ ತೂತುಗಳ ಒಳಬದಿಯಿಂದ ಹಾಯಿಸಿ ಎಳೆಯಬೇಕು.

ಹಂತ 7: ಕೂರಿಸಿ ಬಿಗಿಯುವುದು

ಗ್ಯಾಸ್ಕೆಟ್ಟನ್ನು ಕವರಿನ ತೋಡಿನಲ್ಲಿ ಮೂಲೆಗಳಿಂದ ಶುರುಮಾಡಿ ಒತ್ತಿ ಕೂರಿಸಿ. ನೇರವಾದ ಭಾಗದಿಂದ ಶುರು ಮಾಡಿದರೆ ರಬ್ಬರ್ ಹಿಗ್ಗಿ ಕೊನೆಗೆ ಒಂದು ಮಡಿಕೆ ಉಳಿದುಬಿಡುತ್ತದೆ. ಕವರನ್ನು ನೆಟ್ಟಗೆ ಕೆಳಕ್ಕಿಳಿಸಿ. ಒಮ್ಮೆ ತಾಗಿದ ಮೇಲೆ ಅತ್ತಿತ್ತ ಸರಿಸಬೇಡಿ. ಹಿಂಬದಿಯ ಅಂಚು ಕಣ್ಣಿಗೆ ಬೀಳದಿರುವುದರಿಂದ ಸಣ್ಣ ಕನ್ನಡಿ ಹಿಡಿದು ಗ್ಯಾಸ್ಕೆಟ್ ಜಾರಿಲ್ಲವೆಂದು ನೋಡಿಕೊಳ್ಳಿ.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದ ಬೋಲ್ಟ್ ಅಡ್ಡ ಥ್ರೆಡ್ಡಿಗೆ ಹತ್ತಿದೆ ಎಂದರ್ಥ. ಬಿಚ್ಚಿ ಮತ್ತೆ ನೆಟ್ಟಗೆ ಹಿಡಿದು ಹಾಕಿ. ಆಮೇಲೆ ನಡುವಿನಿಂದ ಆರಂಭಿಸಿ, ಎದುರುಬದುರಾಗಿ ಹೊರಕ್ಕೆ ಸಾಗುತ್ತಾ ಮೊದಲ ಸುತ್ತಿನಲ್ಲಿ ಹೇಳಿದ ಬಿಗಿತದ ಅರ್ಧ, ಎರಡನೆಯ ಸುತ್ತಿನಲ್ಲಿ ಪೂರ್ತಿ ಬಿಗಿಯಿರಿ. ಎಷ್ಟೋ ಎಂಜಿನ್ನುಗಳ ಈ ಬೋಲ್ಟುಗಳಿಗೆ ಹೆಗಲಿರುತ್ತದೆ, ಅಂದರೆ ಥ್ರೆಡ್ಡಿಗಿಂತ ದಪ್ಪನಾದ ಒಂದು ಭಾಗ: ಹೆಗಲು ಲೋಹಕ್ಕೆ ತಾಗಿತೆಂದರೆ ಗ್ಯಾಸ್ಕೆಟ್ಟಿಗೆ ಬೇಕಾದ ಒತ್ತಡ ಸಿಕ್ಕಿತೆಂದೇ ಲೆಕ್ಕ, ಅದರಾಚೆ ಹಾಕುವ ಬಲವೆಲ್ಲ ಬೋಲ್ಟನ್ನು ಮುರಿಯುವುದಕ್ಕಷ್ಟೇ. ಅಲ್ಲಿಯೂ ಸೋರುತ್ತಿದ್ದರೆ ಬೋಲ್ಟಿನಡಿಯ ರಬ್ಬರ್ ವಾಶರ್ ಗಟ್ಟಿಯಾಗಿದೆ, ಅದನ್ನು ಬದಲಿಸಿ.

ಸೀಲೆಂಟ್ ಬಳಸಿದ್ದರೆ ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಹೆಚ್ಚಿನವುಗಳಲ್ಲಿ 24 ಗಂಟೆ, ಎಂಜಿನ್ ಶುರು ಮಾಡಬೇಡಿ. ಟ್ಯಾಪೆಟ್ ಕವರಿನ ಕೆಲಸ ಇಲ್ಲಿಗೆ ಮುಗಿಯಿತು.

ಹಂತ 8: ಹೆಡ್ ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದೆಯೇ

ಹೊರಗೆಲ್ಲೂ ಸೋರದೆ ಕೂಲಂಟ್ ಕಡಿಮೆಯಾಗುವುದು, ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು, ತಣ್ಣಗಿನ ಎಂಜಿನ್ ಶುರುವಾದ ಕೆಲವೇ ಕ್ಷಣಗಳಲ್ಲಿ ರೇಡಿಯೇಟರಿನ ಮೇಲಿನ ಹೋಸ್ ಕಲ್ಲಿನಂತಾಗುವುದು, ಕೂಲಂಟ್ ಟ್ಯಾಂಕಿನಲ್ಲಿ ಬಿಡದೆ ಗುಳ್ಳೆ ಏಳುವುದು, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆಸಿದಂತಾಗುವುದು ಇದರ ಲಕ್ಷಣಗಳು. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಾತ್ರ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಸಣ್ಣ ದೂರಗಳಿಗಷ್ಟೇ ಓಡುವ ಎಂಜಿನ್ನಿನಲ್ಲಿ ತೇವ ಕಟ್ಟಿ ಹಾಗಾಗುವುದುಂಟು. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಕೂಲಂಟಿನ ಆವಿಗೆ ಹಿಡಿಯುವ ನೀಲಿ ಪರೀಕ್ಷಾ ದ್ರವ ಹಳದಿಗೆ ತಿರುಗಿದರೆ ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ.

ಎಂಜಿನ್ ಅತಿಯಾಗಿ ಕಾದದ್ದರಿಂದ ಗ್ಯಾಸ್ಕೆಟ್ ಹೋಗಿದ್ದರೆ, ಕಾದದ್ದೇಕೆ ಎಂಬುದನ್ನು ಮೊದಲು ಕಂಡುಹಿಡಿಯಬೇಕು. ಥರ್ಮೋಸ್ಟ್ಯಾಟ್, ವಾಟರ್ ಪಂಪ್, ರೇಡಿಯೇಟರ್ ಫ್ಯಾನ್, ಕಟ್ಟಿಕೊಂಡ ರೇಡಿಯೇಟರ್ ಇವುಗಳಲ್ಲಿ ದೋಷ ಯಾವುದೋ ಅದನ್ನು ಸರಿಪಡಿಸದೆ ಹಾಕಿದ ಹೊಸ ಗ್ಯಾಸ್ಕೆಟ್ ಮತ್ತೆ ಸುಡುವುದು ಖಚಿತ.

ಹಂತ 9: ಹೆಡ್ ಇಳಿಸುವುದು

ತಣ್ಣಗಿನ ಎಂಜಿನ್ನಿನಿಂದ ಕೂಲಂಟನ್ನು ಪೂರ್ತಿ ಇಳಿಸಿ, ಮುಚ್ಚಳವಿರುವ ಪಾತ್ರೆಯಲ್ಲಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಪಾಯವಿದೆ. ಪೆಟ್ರೋಲ್ ಲೈನಿನ ಒತ್ತಡವನ್ನು ಮ್ಯಾನ್ಯುಯಲ್ ಹೇಳಿದಂತೆ ಇಳಿಸಿದ ಮೇಲಷ್ಟೇ ಅದನ್ನು ಬಿಚ್ಚಿ.

ಒಂದನೆಯ ಸಿಲಿಂಡರನ್ನು ಕಂಪ್ರೆಷನ್ನಿನ ಟಾಪ್ ಡೆಡ್ ಸೆಂಟರಿಗೆ, ಅಂದರೆ ಅದರ ಪಿಸ್ಟನ್ ತೀರಾ ಮೇಲಿರುವ ಸ್ಥಾನಕ್ಕೆ, ತಂದು, ಟೈಮಿಂಗ್ ಗುರುತುಗಳು ಹೊಂದಿವೆಯೇ ನೋಡಿ, ಅವುಗಳ ಮೇಲೆ ಬಿಳಿ ಬಣ್ಣ ಹಚ್ಚಿ, ಚಿತ್ರ ತೆಗೆದು, ಆಮೇಲೆ ಬೆಲ್ಟ್ ಅಥವಾ ಚೈನ್ ಕಳಚಿ. ಮ್ಯಾನಿಫೋಲ್ಡುಗಳನ್ನು (ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಕೊಳವೆಗಳು) ಬಿಡಿಸಿದ ನಂತರ ಹೆಡ್ ಬೋಲ್ಟುಗಳನ್ನು ಬಿಗಿಯುವ ಕ್ರಮಕ್ಕೆ ತಿರುಗುಮುರುಗಾಗಿ, ಅಂದರೆ ಅಂಚಿನಿಂದ ನಡುವಿಗೆ, ಕಾಲು ಸುತ್ತಿನಂತೆ ಸಡಿಲಿಸಿ. ಹೆಡ್ಡನ್ನು ಇಬ್ಬರು ಸೇರಿ ನೆಟ್ಟಗೆ ಎತ್ತಿ ಮರದ ತುಂಡುಗಳ ಮೇಲಿಡಿ. ಮುಖ ಅಡಿಯಾಗಿ ನೆಲಕ್ಕಿಟ್ಟರೆ ತೆರೆದುಕೊಂಡಿರುವ ವಾಲ್ವುಗಳು ಬಾಗುತ್ತವೆ.

ಹಳೆಯ ಗ್ಯಾಸ್ಕೆಟ್ಟನ್ನು ಎಸೆಯಬೇಡಿ. ಅದು ಎಲ್ಲಿ ಕಪ್ಪಾಗಿದೆ, ಎಲ್ಲಿ ಸುಟ್ಟಿದೆ ಎಂಬುದನ್ನು ನೋಡಿದರೆ ಹೆಡ್ಡಿನ ಯಾವ ಭಾಗವನ್ನು ಹೆಚ್ಚು ಗಮನದಿಂದ ಪರೀಕ್ಷಿಸಬೇಕೆಂದು ತಿಳಿಯುತ್ತದೆ.

ಹಂತ 10: ಸಮತಟ್ಟು ನೋಡುವುದು, ತೂತುಗಳನ್ನು ಶುಚಿಗೊಳಿಸುವುದು

ಐದನೆಯ ಹಂತದಲ್ಲಿ ಹೇಳಿದಂತೆ ಎರಡೂ ಮೈಗಳನ್ನು ಶುಚಿಮಾಡಿ. ಬಳಿಕ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ನಾಲ್ಕು ಅಂಚುಗಳ ಮೇಲೂ ಎರಡು ಕರ್ಣಗಳ ಮೇಲೂ ನಿಲ್ಲಿಸಿ, ಪಟ್ಟಿಯಡಿ ಫೀಲರ್ ಗೇಜ್ ತೂರುತ್ತದೆಯೇ ಪರೀಕ್ಷಿಸಿ. ಹಲವು ಅಲ್ಯೂಮಿನಿಯಂ ಹೆಡ್ಡುಗಳಿಗೆ 0.05 ಮಿಲಿಮೀಟರ್ ಮಿತಿ. ನಿಮ್ಮದಕ್ಕೆ ಎಷ್ಟೆಂದು ಮ್ಯಾನ್ಯುಯಲ್ ನೋಡಿ. ಮಿತಿ ಮೀರಿದ್ದರೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ. ಹೆಡ್ಡನ್ನು ಮಷಿನ್ ಶಾಪಿಗೆ ಒಯ್ದು ಮುಖ ಸಮತಟ್ಟು ಮಾಡಿಸಿ, ಬಿರುಕಿದೆಯೇ ಎಂದೂ ಪರೀಕ್ಷೆ ಮಾಡಿಸಿ. ಎಂಜಿನ್ ತೀರಾ ಕಾದಿದ್ದರೆ ಅಳತೆ ಸರಿಯಿದ್ದರೂ ಬಿರುಕಿನ ಪರೀಕ್ಷೆ ಮಾಡಿಸುವುದೇ ಲೇಸು. ಗಾಜಿನ ಮೇಲೆ ಮರಳುಕಾಗದ ಹರಡಿ ಹೆಡ್ ಉಜ್ಜುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಹಲವು ಉಕ್ಕಿನ ಪದರಗಳ ಇಂದಿನ ಗ್ಯಾಸ್ಕೆಟ್ಟುಗಳಿಗೆ ಬೇಕಾದ ನುಣುಪು ಕೈಯಿಂದ ಬರುವುದಿಲ್ಲ.

ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ನಿಂತ ಆಯಿಲ್, ಕೂಲಂಟ್ ಎಲ್ಲವನ್ನೂ ಹೊರತೆಗೆಯಬೇಕು. ತಳಮುಚ್ಚಿದ ತೂತಿನಲ್ಲಿ ದ್ರವ ಉಳಿದಿದ್ದರೆ ಬೋಲ್ಟ್ ಇಳಿಯುವಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳುವಷ್ಟು ಒತ್ತಡ ಏಳಬಹುದು. ಸೀಳದಿದ್ದರೂ ರೆಂಚು ತೋರಿಸುವ ಬಿಗಿತ ಸುಳ್ಳಾಗಿರುತ್ತದೆ. ಕನ್ನಡಕ ಹಾಕಿಕೊಂಡು ಗಾಳಿ ಹೊಡೆದು ಒಣಗಿಸಿ.

ಹಂತ 11: ಹೆಡ್ ಕೂರಿಸಿ ಬಿಗಿಯುವುದು

ಹೆಡ್ಡನ್ನು ಸರಿಯಾದ ಜಾಗದಲ್ಲಿ ಕೂರಿಸುವ ಡವೆಲ್ ಪಿನ್ನುಗಳು ಜಾಗದಲ್ಲಿವೆಯೇ ನೋಡಿ, ಗ್ಯಾಸ್ಕೆಟ್ಟಿನ ಮೇಲೆ ಬರೆದಿರುವ ಗುರುತು ಮೇಲ್ಮುಖವಾಗಿರುವಂತೆ ಇಡಿ. ಗ್ಯಾಸ್ಕೆಟ್ಟಿನ ಕೆಲವು ಕೂಲಂಟ್ ತೂತುಗಳು ಬ್ಲಾಕಿನ ತೂತಿಗಿಂತ ಚಿಕ್ಕದಾಗಿ ಕಾಣಬಹುದು. ಅದು ತಯಾರಿಕೆಯ ತಪ್ಪಲ್ಲ, ಹರಿವನ್ನು ಹಂಚಲು ಬೇಕೆಂದೇ ಹಾಗೆ ಮಾಡಿರುತ್ತಾರೆ, ಕತ್ತರಿಸಿ ಹಿಗ್ಗಿಸಬೇಡಿ. ಆದರೆ ಆಯಿಲ್ ಹಾಯುವ ತೂತು ಮುಚ್ಚಿಹೋಗಿದ್ದರೆ ಗ್ಯಾಸ್ಕೆಟ್ ತಿರುವಾಗಿದೆ, ಅಥವಾ ಅದು ನಿಮ್ಮ ಎಂಜಿನ್ನಿನದಲ್ಲ.

ಬೋಲ್ಟ್ ತಿರುಗಿಸಲು ನೀವು ಹಾಕುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಭಾಗವಷ್ಟೇ ಹೆಡ್ಡನ್ನು ಒತ್ತಿಹಿಡಿಯುವುದಕ್ಕೆ ಒದಗುತ್ತದೆ, ಉಳಿದದ್ದು ಥ್ರೆಡ್ಡಿನ ಮತ್ತು ಬೋಲ್ಟ್ ತಲೆಯಡಿಯ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಥ್ರೆಡ್ಡಿಗೆ ಆಯಿಲ್ ಹಚ್ಚಬೇಕೇ ಬೇಡವೇ ಎಂಬುದನ್ನು ಅಂದಾಜಿಗೆ ಬಿಡದೆ ಮ್ಯಾನ್ಯುಯಲ್ ಹೇಳಿದಂತೆಯೇ ಮಾಡಬೇಕು. ಇದೇ ಕಾರಣಕ್ಕೆ ಹೊಸ ಎಂಜಿನ್ನುಗಳಲ್ಲಿ ಮೊದಲು ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಎಂಬಂತೆ ಕೋನದ ಲೆಕ್ಕವನ್ನು ಕೊಟ್ಟಿರುತ್ತಾರೆ. ಹೀಗೆ ಬಿಗಿಯುವ ಬೋಲ್ಟುಗಳು ಹಲವು ಎಂಜಿನ್ನುಗಳಲ್ಲಿ ಶಾಶ್ವತವಾಗಿ ಹಿಗ್ಗಿರುತ್ತವೆ, ಅವನ್ನು ಎರಡನೆಯ ಬಾರಿ ಬಳಸುವಂತಿಲ್ಲ. ಪ್ರತಿ ಬೋಲ್ಟಿನ ತಲೆಯ ಮೇಲೆ ಬಣ್ಣದ ಚುಕ್ಕೆಯಿಟ್ಟುಕೊಂಡರೆ ಯಾವುದನ್ನು ತಿರುಗಿಸಿದ್ದೀರಿ, ಯಾವುದು ಬಾಕಿ ಎಂಬ ಗೊಂದಲವಿರುವುದಿಲ್ಲ. ಒಂದು ಸುತ್ತಿನ ನಡುವೆ ಫೋನು ಬಂದರೆ ಎತ್ತಬೇಡಿ.

ತಿರುಗಿಸುವಾಗ ಬೋಲ್ಟಿನ ಬಿಗಿ ಏರುವ ಬದಲು ಮೆತ್ತಗಾದಂತೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ. ಬ್ಲಾಕಿನ ಥ್ರೆಡ್ ಕಿತ್ತುಬರುತ್ತಿದೆ ಎಂಬುದಕ್ಕೆ ಅದು ಸೂಚನೆ; ಥ್ರೆಡ್ ಇನ್ಸರ್ಟ್ (ಹಾಳಾದ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ ಹೊಸ ಥ್ರೆಡ್ಡಿನ ತುಂಡು) ಹಾಕಿಸದೆ ಮುಂದುವರಿಯುವಂತಿಲ್ಲ.

ಹಂತ 12: ಶುರು ಮಾಡುವ ಮುನ್ನ ಮತ್ತು ಆಮೇಲೆ

ಟೈಮಿಂಗ್ ಗುರುತುಗಳನ್ನು ಹೊಂದಿಸಿ ಬೆಲ್ಟ್ ಏರಿಸಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿವೆಯೇ ನೋಡಿ. ನಡುವೆ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ವಾಲ್ವು ಪಿಸ್ಟನ್ನಿಗೆ ತಾಗುತ್ತಿದೆ. ಕೈಯಲ್ಲಿ ತಿರುಗಿಸುವಾಗ ತಿಳಿದರೆ ಉಳಿಯುವ ವಾಲ್ವುಗಳು ಸೆಲ್ಫ್ ಹೊಡೆದಾಗ ಉಳಿಯುವುದಿಲ್ಲ.

ಕೂಲಂಟ್ ಬೆರೆತ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಹೊಸ ಕೂಲಂಟ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಲ್ಲುವವರೆಗೂ ಗಾಳಿ ತೆಗೆಯಿರಿ. ಒಳಗೆ ಉಳಿದ ಗಾಳಿಯ ಗುಳ್ಳೆ ಹೆಡ್ಡಿನ ಒಂದು ಭಾಗವನ್ನು ಒಣಗಿಸಿ ಕಾಯಿಸುತ್ತದೆ, ಟೆಂಪರೇಚರ್ ಮುಳ್ಳು ಅದನ್ನು ತೋರಿಸದೆಯೂ ಇರಬಹುದು. ಮೊದಲ ಬಾರಿ ಶುರುವಾದಾಗ ಆಯಿಲ್ ಒತ್ತಡದ ಕೆಂಪು ದೀಪ ಕೆಲವೇ ಕ್ಷಣಗಳಲ್ಲಿ ಆರದಿದ್ದರೆ ಎಂಜಿನ್ ಆಫ್ ಮಾಡಿ. ಹೊರಮೈಯಲ್ಲಿ ಉಳಿದ ಕ್ಲೀನರ್, ಆಯಿಲ್ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುವುದು ಸಹಜ. ಅರ್ಧ ಗಂಟೆಯ ನಂತರವೂ ಬರುತ್ತಿದ್ದರೆ ಸಹಜವಲ್ಲ.

ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಕೂಲಂಟ್ ಮಟ್ಟ ನೋಡಿ ಕಡಿಮೆಯಿದ್ದಷ್ಟು ತುಂಬಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಮೊದಲ ವಾರ ಪ್ರತಿದಿನ ಬೆಳಿಗ್ಗೆ ಕೂಲಂಟ್ ಮಟ್ಟವನ್ನೂ ಡಿಪ್‌ಸ್ಟಿಕ್ಕಿನ ಬಣ್ಣವನ್ನೂ ನೋಡುತ್ತಿರಿ. ಗಾಳಿ ಹೊರಬಂದು ಕೂಲಂಟ್ ಒಂದೆರಡು ಬಾರಿ ಸ್ವಲ್ಪ ಇಳಿಯಬಹುದು. ನಾಲ್ಕನೆಯ ದಿನವೂ ಇಳಿಯುತ್ತಿದ್ದರೆ ವಾಹನ ಓಡಿಸುವುದನ್ನು ನಿಲ್ಲಿಸಿ ಎಂಟನೆಯ ಹಂತದ ಪರೀಕ್ಷೆಗಳನ್ನು ಮತ್ತೆ ಮಾಡಿ. ಕೆಲವು ಹಳೆಯ ಎಂಜಿನ್ನುಗಳಲ್ಲಿ ಸ್ವಲ್ಪ ದೂರ ಓಡಿದ ಮೇಲೆ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ಮ್ಯಾನ್ಯುಯಲ್ಲೇ ಹೇಳಿರುತ್ತದೆ. ಹಾಗೆ ಹೇಳಿಲ್ಲದಿದ್ದರೆ, ಕೋನದ ಲೆಕ್ಕದಲ್ಲಿ ಬಿಗಿದ ಬೋಲ್ಟುಗಳಿಗೆ ಆಮೇಲೆ ಸ್ಪ್ಯಾನರ್ ಹಾಕಬೇಡಿ.